ಸುಳಿವು ಸಿಕ್ಕರೆ ತಿಳಿಸಿ: ಕಪ್ಪು ಬರಹಗಾರರ ಮನೆಮಂದಿ

1870ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ ಹೊರಡುತ್ತಿದ್ದ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಎಂಬ ಚರ್ಚಿನ ಪತ್ರಿಕೆಯಲ್ಲಿ ‘ಲಾಸ್ಟ್ ಫ್ರೆಂಡ್ಸ್’ ಎಂಬ ಅಂಕಣ ಬರತೊಡಗಿತು. ‘ಕಳೆದುಹೋದ ನಮ್ಮವರು’ ಅಂದುಕೊಳ್ಳಿ. ಗುಲಾಮಗಿರಿಯ ಕಾಲದಲ್ಲಿ ಮಾರಾಟವಾಗಿ ದಿಕ್ಕಾಪಾಲಾದ ತಾಯಿ, ಮಕ್ಕಳು, ಗಂಡ, ಹೆಂಡತಿ, ಒಡಹುಟ್ಟಿದವರನ್ನು ಹುಡುಕುವವರು ಅದರಲ್ಲಿ ಪ್ರಕಟಣೆ ಕೊಡುತ್ತಿದ್ದರು. ಚಂದಾದಾರರಲ್ಲದವರಿಗೆ ಐವತ್ತು ಸೆಂಟ್ ಶುಲ್ಕ. ಗುಲಾಮರಿಗೆ ಓದು ಕಲಿಸುವುದೇ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತಲ್ಲ, ಬಿಡುಗಡೆಯಾದ ಮೇಲೂ ಓದು ಬಾರದವರೇ ಬಹಳ. ಹಾಗಾಗಿ ಪಾದ್ರಿಗಳು ಇವನ್ನು ಚರ್ಚಿನಲ್ಲಿ ನೆರೆದವರಿಗೆ ಓದಿ ಹೇಳಬೇಕೆಂದು ಪತ್ರಿಕೆಯೇ ಕೋರುತ್ತಿತ್ತು.

ಈ ಪ್ರಕಟಣೆಗಳಿಗೆ ಒಂದು ಧಾಟಿ ಇದೆ. ನಾನು ಇಂಥವನ ಆಸ್ತಿಯಾಗಿದ್ದೆ. ಅವನು ನನ್ನನ್ನು ಇಂಥವನಿಗೆ ಮಾರಿದ. ಅಮ್ಮನ ಹೆಸರು ಇದು, ಅಣ್ಣತಮ್ಮಂದಿರ ಹೆಸರು ಇವು. ಕೊನೆಯ ಸಲ ನೋಡಿದ್ದು ಇಂಥ ಊರಿನಲ್ಲಿ. ಸುಳಿವು ಸಿಕ್ಕರೆ ಈ ವಿಳಾಸಕ್ಕೆ ತಿಳಿಸಿ. ಹುಡುಕುವವರಿಗೆ ಅಮ್ಮನ ಊರು ಗೊತ್ತಿಲ್ಲದಿರಬಹುದು, ಅಮ್ಮನನ್ನು ಕೊಂಡವನ ಹೆಸರು ಮಾತ್ರ ಗೊತ್ತು. ಗುಲಾಮರ ಲೋಕದಲ್ಲಿ ಒಡೆಯನೇ ವಿಳಾಸ. ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಪ್ರಕಟಣೆಗಳು ಶತಮಾನದ ಕೊನೆಯವರೆಗೂ ಬರುತ್ತಲೇ ಇದ್ದವು. ಕೊಟ್ಟವರಲ್ಲಿ ಹಲವರು ಆಗ ಮುದುಕರು. ವಿಲನೋವ ವಿಶ್ವವಿದ್ಯಾಲಯದವರು ಇಂಥ ಸಾವಿರಾರು ಪ್ರಕಟಣೆಗಳನ್ನು ಬೇರೆ ಬೇರೆ ಪತ್ರಿಕೆಗಳಿಂದ ಕಲೆಹಾಕಿದ್ದಾರೆ. ಹುಡುಕಿದವರು ಸಿಕ್ಕರು ಎಂಬ ದಾಖಲೆ ಮಾತ್ರ ಬಹಳ ಕಡಿಮೆ.

ಅಮೆರಿಕದ ಕಪ್ಪು ಬರಹಗಾರರ ಕಥೆ, ಕವಿತೆ, ಆತ್ಮಕಥೆಗಳಲ್ಲಿ ಬರುವ ಮನೆಮಂದಿಯನ್ನು ಓದುವಾಗಲೆಲ್ಲ ನನಗೆ ಈ ಅಂಕಣ ನೆನಪಾಗುತ್ತದೆ. ನಮ್ಮ ಕಾದಂಬರಿಗಳಲ್ಲಿ ಕುಟುಂಬ ಮೊದಲೇ ಇರುತ್ತದೆ. ಮನೆ, ವಂಶ, ಆಸ್ತಿಯ ಪಾಲು ಎಲ್ಲ ಇದ್ದು, ಆಮೇಲೆ ಜಗಳ ಶುರುವಾಗುತ್ತದೆ. ಅವರಲ್ಲಿ ಹಾಗಲ್ಲ. ಇವಳು ನನ್ನ ತಾಯಿ ಎಂದು ಮೊದಲು ಕಾಗದದ ಮೇಲೆ ಸ್ಥಾಪಿಸಬೇಕು. ಯಾಕೆಂದರೆ ಕಾನೂನಿನ ಕಾಗದದಲ್ಲಿ ಅದು ಇರಲಿಲ್ಲ.

1662ರಲ್ಲಿ ವರ್ಜೀನಿಯಾ ವಸಾಹತು ಒಂದು ಕಾಯ್ದೆ ಮಾಡಿತು: ಹುಟ್ಟುವ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ. ಇಂಗ್ಲೆಂಡಿನ ರೂಢಿಯಲ್ಲಿ ಮಗು ತಂದೆಯ ಕಡೆಗೆ ಸೇರಿದ್ದು. ಇಲ್ಲಿ ತಿರುಗಿಸಿದರು. ಒಡೆಯನೇ ಗುಲಾಮ ಹೆಂಗಸಿಗೆ ಮಗು ಕೊಟ್ಟರೂ ಆ ಮಗು ಅವನ ವಾರಸುದಾರ ಆಗುವುದಿಲ್ಲ, ಸ್ವತ್ತು ಆಗುತ್ತದೆ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಸಾವು ನಮ್ಮನ್ನು ಅಗಲಿಸುವವರೆಗೆ ಎಂಬ ಕ್ರೈಸ್ತ ಮದುವೆಯ ಪ್ರತಿಜ್ಞೆಗೆ ಕೆಲವು ಪಾದ್ರಿಗಳು ‘ಅಥವಾ ದೂರ’ ಎಂದು ಸೇರಿಸಿ ಹೇಳಿಸುತ್ತಿದ್ದರು. 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರುವುದು ನಿಷೇಧವಾಯಿತು. ಅದೇ ಹೊತ್ತಿಗೆ ದಕ್ಷಿಣದ ಕೆಳಭಾಗದಲ್ಲಿ ಹತ್ತಿ ಬೆಳೆ ಏರುತ್ತಿತ್ತು, ಆಳು ಬೇಕಿತ್ತು. ಹಾಗಾಗಿ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಲೂಸಿಯಾನಾ, ಮಿಸಿಸಿಪ್ಪಿ ಕಡೆಗೆ ದೇಶದೊಳಗಿನ ಮಾರಾಟ ಬೆಳೆಯಿತು. ಅಂತರ್ಯುದ್ಧದವರೆಗೆ ಹೀಗೆ ಸಾಗಿಸಲ್ಪಟ್ಟವರು ಸುಮಾರು ಹತ್ತು ಲಕ್ಷ ಎಂದು ಇತಿಹಾಸಕಾರರ ಅಂದಾಜು. ಆ ಪ್ರಕಟಣೆಗಳ ಬೇರು ಇಲ್ಲಿದೆ.

ಫ್ರೆಡರಿಕ್ ಡಗ್ಲಸ್ ಮೇರಿಲ್ಯಾಂಡಿನಲ್ಲಿ 1818ರಲ್ಲಿ ಹುಟ್ಟಿದವನು. ತಪ್ಪಿಸಿಕೊಂಡು ಹೋಗಿ, 1845ರಲ್ಲಿ ಮೊದಲ ಆತ್ಮಕಥೆ ಬರೆದ. ಅದರಲ್ಲಿ ತಾಯಿ ಹ್ಯಾರಿಯೆಟ್ ಬೇಲಿಗೆ ಸಿಕ್ಕ ಜಾಗ ಒಂದೆರಡು ಪ್ಯಾರಾ. ಅವಳನ್ನು ಹನ್ನೆರಡು ಮೈಲಿ ಆಚೆ ಬೇರೊಬ್ಬನ ಹೊಲದ ಕೆಲಸಕ್ಕೆ ಕೊಟ್ಟಿದ್ದರು. ಹಗಲಿನ ಗೇಮೆ ಮುಗಿಸಿ ರಾತ್ರಿ ನಡೆದು ಬಂದು, ಮಗನ ಪಕ್ಕ ಮಲಗಿ, ಬೆಳಕು ಹರಿಯುವ ಮೊದಲು ಹೊರಟುಬಿಡುತ್ತಿದ್ದಳು. ಇಡೀ ಜೀವಮಾನದಲ್ಲಿ ಅವಳನ್ನು ನೋಡಿದ್ದು ನಾಲ್ಕೈದು ಸಲ, ಎಲ್ಲವೂ ಕತ್ತಲಲ್ಲಿ. ಅವನಿಗೆ ಏಳು ವರ್ಷ ಇರಬಹುದು, ಅವಳು ಸತ್ತಳು. ಯಾರೋ ಅಪರಿಚಿತರು ಸತ್ತ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಂಡೆ ಎಂಬರ್ಥದ ಮಾತನ್ನು ಬರೆಯುತ್ತಾನೆ.

ಹತ್ತು ವರ್ಷದ ಮೇಲೆ, 1855ರಲ್ಲಿ, ಎರಡನೇ ಆತ್ಮಕಥೆ ಬರೆದ. ಅದರಲ್ಲಿ ಅದೇ ತಾಯಿ ಬೇರೆಯಾಗಿ ಬರುತ್ತಾಳೆ. ಅಡುಗೆಮನೆಯ ಯಜಮಾನಿಕೆ ನಡೆಸುತ್ತಿದ್ದ ಕೇಟಿ ಎಂಬ ಹೆಂಗಸು ಹುಡುಗನನ್ನು ಇಡೀ ದಿನ ಉಪವಾಸ ಕೆಡವಿದ್ದಾಳೆ. ಅವನು ಕದ್ದು ನಾಲ್ಕು ಮೆಕ್ಕೆಜೋಳದ ಕಾಳನ್ನು ಬೂದಿಯಲ್ಲಿ ಹುರಿದುಕೊಳ್ಳುತ್ತಿರುವಾಗ ತಾಯಿ ಬರುತ್ತಾಳೆ. ಆ ಕಾಳನ್ನು ತೆಗೆದು ಬಿಸಾಡಿ ಕೈಗೆ ಶುಂಠಿ ಕೇಕು ಕೊಡುತ್ತಾಳೆ, ಕೇಟಿಗೆ ಮುಖಾಮುಖಿ ಬೈಯುತ್ತಾಳೆ. ಆ ರಾತ್ರಿ ತಾಯಿಯ ತೊಡೆಯ ಮೇಲೆ ಕೂತ ಹುಡುಗನಿಗೆ ತಾನು ಯಾರದ್ದೋ ಸ್ವತ್ತಲ್ಲ, ಯಾರದ್ದೋ ಮಗ ಎಂದು ಗೊತ್ತಾಗುತ್ತದೆ. ಬೆಳಗ್ಗೆ ಎದ್ದರೆ ಅವಳಿಲ್ಲ. ಅವಳಿಗೆ ಓದಲು ಬರುತ್ತಿತ್ತೆಂದು ಮುಂದೆ ತಿಳಿಯಿತು ಎಂದೂ ಬರೆಯುತ್ತಾನೆ. ಅವಳ ಚಿತ್ರ ಇಲ್ಲ. ಆದರೆ ಪ್ರಿಚರ್ಡ್ ಎಂಬಾತನ ಮಾನವಶಾಸ್ತ್ರದ ಪುಸ್ತಕದಲ್ಲಿರುವ ಪ್ರಾಚೀನ ಈಜಿಪ್ಟಿನ ಒಂದು ಮುಖ ಅವಳನ್ನು ಹೋಲುತ್ತದೆ, ಅದನ್ನೇ ಆಗಾಗ ತೆಗೆದು ನೋಡುತ್ತೇನೆ ಎನ್ನುತ್ತಾನೆ.

1845ರಲ್ಲಿ ಯಾಕೆ ಈ ಶುಂಠಿ ಕೇಕು ಇರಲಿಲ್ಲ? ಆಗ ಅವನು ಬಿಳಿಯರ ಗುಲಾಮಗಿರಿ ವಿರೋಧಿ ಸಂಘದ ಭಾಷಣಕಾರ. ಸಂಘಕ್ಕೆ ಬೇಕಿದ್ದದ್ದು ಗುಲಾಮಗಿರಿ ತಾಯಿ-ಮಗುವಿನ ನಂಟನ್ನೇ ಕತ್ತರಿಸಿತು ಎಂಬ ಸಾಕ್ಷ್ಯ. ಕತ್ತರಿಸಲು ಆಗಲಿಲ್ಲ ಎಂಬ ಸಾಕ್ಷ್ಯಕ್ಕೆ ಆ ವೇದಿಕೆಯಲ್ಲಿ ಅಷ್ಟು ಬೆಲೆ ಇರಲಿಲ್ಲ. 1855ರ ಹೊತ್ತಿಗೆ ಡಗ್ಲಸ್ ಸ್ವಂತ ಪತ್ರಿಕೆಯ ಸಂಪಾದಕ. ಇದು ನನ್ನ ಊಹೆ, ಆದರೆ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದವರಿಗೆ ಬೇರೆ ಕಾರಣ ಹೊಳೆಯುವುದು ಕಷ್ಟ. ಹಾನಿಯನ್ನು ಹೇಳಬೇಕು, ಉಳಿದದ್ದನ್ನೂ ಹೇಳಬೇಕು. ಮೊದಲನೆಯದನ್ನೇ ಹೇಳಿದರೆ ‘ಇವರಿಗೆ ಕುಟುಂಬವೇ ಇಲ್ಲ’ ಎನ್ನುತ್ತಾರೆ, ಎರಡನೆಯದನ್ನೇ ಹೇಳಿದರೆ ‘ಹಾಗಾದರೆ ಅಷ್ಟೇನೂ ಕಷ್ಟವಿರಲಿಲ್ಲ’ ಎನ್ನುತ್ತಾರೆ. ಮುಂದೆ ನೂರೈವತ್ತು ವರ್ಷ ಈ ಇಕ್ಕಟ್ಟು ಕಪ್ಪು ಬರಹಗಾರರನ್ನು ಬಿಡಲಿಲ್ಲ.

ಹ್ಯಾರಿಯೆಟ್ ಜೇಕಬ್ಸ್ ಅನುಭವಿಸಿದ್ದನ್ನು ಕಟ್ಟುಕಥೆಯಲ್ಲಿ ಹಾಕಿದ್ದರೆ ಯಾರೂ ನಂಬುತ್ತಿರಲಿಲ್ಲ. ನಿಜವೆಂದು ಬರೆದಾಗಲೂ ಬಹಳ ಜನ ನಂಬಲಿಲ್ಲ. ನಾರ್ತ್ ಕ್ಯಾರೊಲೈನಾದ ಈಡೆಂಟನ್ ಊರಿನವಳು. ಒಡೆಯನ ಕಾಟ ತಾಳಲಾರದೆ 1835ರಲ್ಲಿ ತಲೆಮರೆಸಿಕೊಂಡಳು. ಓಡಿಹೋದದ್ದು ಎಲ್ಲಿಗೆ? ಸ್ವತಂತ್ರಳಾಗಿದ್ದ ಸ್ವಂತ ಅಜ್ಜಿಯ ಮನೆಗೆ ತಾಗಿಕೊಂಡಿದ್ದ ಕೊಟ್ಟಿಗೆಯ ಅಟ್ಟಕ್ಕೆ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಇರುವ ಕಡೆ ಮೂರು ಅಡಿ. ಅದರಲ್ಲಿ ಸುಮಾರು ಏಳು ವರ್ಷ ಇದ್ದಳು. ಅಲ್ಲೇ ಸಿಕ್ಕ ಬೈರಿಗೆಯಿಂದ ಹಲಗೆಗೆ ತೂತು ಕೊರೆದುಕೊಂಡು ಬೀದಿಯಲ್ಲಿ ಆಡುವ ತನ್ನ ಮಗ, ಮಗಳನ್ನು ನೋಡುತ್ತಿದ್ದಳು. ಕ್ರಿಸ್‌ಮಸ್ಸಿಗೆ ಅವರಿಗೆ ಬಟ್ಟೆ, ಆಟಿಕೆ ಹೊಲಿದಳು. ಮಕ್ಕಳಿಗೆ ಅದು ಅಮ್ಮ ಮಾಡಿದ್ದೆಂದು ಗೊತ್ತಿಲ್ಲ. ಒಡೆಯನನ್ನು ದಾರಿ ತಪ್ಪಿಸಲು ಅವಳು ಬರೆದ ಕಾಗದಗಳು ಉತ್ತರದ ಊರುಗಳಿಂದ ಅಂಚೆಗೆ ಬೀಳುತ್ತಿದ್ದವು. ಅವಳು ನ್ಯೂಯಾರ್ಕಿನಲ್ಲಿದ್ದಾಳೆಂದು ಆತ ಹುಡುಕಿಕೊಂಡು ಹೋಗಿದ್ದೂ ಉಂಟು.

ಆ ಪುಸ್ತಕದಲ್ಲಿ ನನಗೆ ಅತಿ ದೊಡ್ಡದೆನಿಸುವ ಗಳಿಗೆ ತಪ್ಪಿಸಿಕೊಂಡದ್ದಲ್ಲ. 1842ರಲ್ಲಿ ಉತ್ತರಕ್ಕೆ ಹೋಗುವ ಹಡಗು ಗೊತ್ತಾದ ಮೇಲೆ, ಹೊರಡುವ ಮೊದಲು, ಮಗನನ್ನು ಕರೆಸಿ ಮುಖ ತೋರಿಸುತ್ತಾಳೆ. ಅವನು ಹೇಳುತ್ತಾನೆ: ನೀನು ಇಲ್ಲೇ ಇದ್ದೀಯೆಂದು ನನಗೆ ಅನಿಸಿತ್ತು. ಸೂರಿನ ಕೆಳಗೆ ನಿಂತಿದ್ದಾಗ ಒಂದು ದಿನ ಮೇಲಿನಿಂದ ಕೆಮ್ಮು ಕೇಳಿಸಿತ್ತು. ಅಂದಿನಿಂದ ಆ ಹುಡುಗ ಯಾರಿಗೂ ಬಾಯಿಬಿಡದೆ, ಜೊತೆಯ ಮಕ್ಕಳನ್ನು ಮನೆಯ ಆ ಮಗ್ಗುಲಿಗೆ ಸುಳಿಯದಂತೆ ಆಚೆ ಕರೆದುಕೊಂಡು ಹೋಗುತ್ತಿದ್ದ. ಮಗಳಿಗೂ ಒಂದು ರಾತ್ರಿ ಗುಟ್ಟು ಹೇಳಿದ್ದಳು, ಅವಳೂ ಬಿಟ್ಟುಕೊಡಲಿಲ್ಲ. ಅಜ್ಜಿ, ಮಾವ, ಎರಡು ಸಣ್ಣ ಮಕ್ಕಳು, ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನ ಮೌನವನ್ನು ಕಾಯ್ದುಕೊಂಡ ಮನೆ ಅದು. ಇದನ್ನು ಕುಟುಂಬ ಎನ್ನದೆ ಏನೆನ್ನುವುದು?

1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಬದಲಿ ಹೆಸರಿನಲ್ಲಿ ಪುಸ್ತಕ ಬಂತು. ಬಿಳಿಯ ಸಂಪಾದಕಿಯೇ ಇದನ್ನು ಬರೆದಿರಬೇಕು ಎಂದು ಪಂಡಿತರು ದಶಕಗಟ್ಟಲೆ ನಂಬಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಹಳೆಯ ಕಾಗದಪತ್ರಗಳನ್ನು ಶೋಧಿಸಿ, ಜೇಕಬ್ಸಳೇ ಬರೆದದ್ದು, ಬರೆದದ್ದೆಲ್ಲ ನಡೆದದ್ದು ಎಂದು ತೋರಿಸಿಕೊಟ್ಟದ್ದು 1980ರ ದಶಕದಲ್ಲಿ. ಜೇಕಬ್ಸ್ ತನ್ನ ಕಥೆಯನ್ನು ಮದುವೆಯಲ್ಲಿ ಮುಗಿಸುವುದಿಲ್ಲ. ಸ್ವಾತಂತ್ರ್ಯ ಬಂತು, ಆದರೆ ಮಕ್ಕಳ ಜೊತೆ ಕೂರಲು ನನ್ನದೆಂಬ ಒಲೆ ಇನ್ನೂ ಇಲ್ಲ ಎಂದು ಹೇಳಿ ನಿಲ್ಲಿಸುತ್ತಾಳೆ.

ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರು ಮಾಡಿದ ಮೊದಲ ಕೆಲಸಗಳಲ್ಲಿ ಮದುವೆ ನೋಂದಣಿಯೂ ಒಂದು. ಹತ್ತು, ಇಪ್ಪತ್ತು, ಮೂವತ್ತು ವರ್ಷ ಸಂಸಾರ ಮಾಡಿದವರು ಅಧಿಕಾರಿಯ ಮುಂದೆ ಸಾಲುಗಟ್ಟಿದರು. ಜೊತೆಗೆ ಒಂದು ತೊಡಕು ತಲೆ ಎತ್ತಿತು. ಮಾರಾಟವಾದ ಗಂಡ ಸತ್ತನೆಂದು ತಿಳಿದು ಮತ್ತೊಬ್ಬನನ್ನು ಮಾಡಿಕೊಂಡಿದ್ದಾಳೆ. ಈಗ ಮೊದಲನೆಯವನು ನಡೆದು ಬಂದಿದ್ದಾನೆ. ಯಾರು ಗಂಡ? ಮೊದಲ ಮದುವೆಗೆ ಕಾನೂನಿನ ಬಲ ಇರಲಿಲ್ಲವೆಂದು ಕೈಬಿಡುವುದೇ?

ಈ ಪ್ರಶ್ನೆಯನ್ನು ಹಿಡಿದು ಚಾರ್ಲ್ಸ್ ಚೆಸ್‌ನಟ್ ಬರೆದ ಕಥೆ ‘ದಿ ವೈಫ್ ಆಫ್ ಹಿಸ್ ಯೂತ್’, 1898ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಬಂತು. ಉತ್ತರದ ಒಂದು ನಗರ. ಮೈಬಣ್ಣ ತಿಳಿಯಾಗಿರುವ, ಓದು ಬರಹ ಬಲ್ಲ ಕಪ್ಪು ಜನರ ಒಂದು ಸಂಘ. ಕೈಯ ನರ ನೀಲಿಯಾಗಿ ಕಾಣುವಷ್ಟು ಬಿಳುಪಿದ್ದವರಿಗೇ ಪ್ರವೇಶ ಎಂದು ಊರವರು ಆಡಿಕೊಂಡು ಅದಕ್ಕೆ ‘ಬ್ಲೂ ವೇನ್ಸ್’ ಎನ್ನುತ್ತಾರೆ. ಅದರ ಮುಖಂಡ ರೈಡರ್. ಅಂದು ಸಂಜೆ ಔತಣ, ತನಗಿಂತ ಬಿಳುಪಾದ ಸುಶಿಕ್ಷಿತ ಹೆಂಗಸಿಗೆ ಮದುವೆಯ ಮಾತು ಎತ್ತುವ ಯೋಚನೆ. ಭಾಷಣಕ್ಕೆಂದು ಟೆನಿಸನ್ನನ ಪದ್ಯ ತಿರುವಿಹಾಕುತ್ತಿದ್ದಾನೆ. ಆಗ ಬಾಗಿಲಿಗೆ ಒಬ್ಬ ಕಡುಗಪ್ಪು, ಹಲ್ಲುದುರಿದ ಮುದುಕಿ ಬರುತ್ತಾಳೆ, ಹೆಸರು ಲೈಜಾ ಜೇನ್. ಇಪ್ಪತ್ತೈದು ವರ್ಷದಿಂದ ಗಂಡ ಸ್ಯಾಮ್‌ನನ್ನು ಹುಡುಕುತ್ತಿದ್ದಾಳೆ. ಊರೂರಿನಲ್ಲಿ ಅಡುಗೆ ಕೆಲಸ ಮಾಡಿಕೊಂಡು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಅವನ ಹಳೆಯ ಫೋಟೊ ಹಿಡಿದುಕೊಂಡು. ಸ್ಯಾಮ್ ಸ್ವತಂತ್ರನಾಗಿ ಹುಟ್ಟಿದವನಾದರೂ ಅವನನ್ನು ಮೋಸದಿಂದ ಮಾರುವ ಸಂಚು ನಡೆದಿತ್ತು. ಇವಳೇ ಎಚ್ಚರಿಸಿ ಓಡಿಸಿದ್ದಳು. ಅದಕ್ಕೆ ಇವಳಿಗೆ ಚಾಟಿಯೇಟು ಬಿತ್ತು, ದಕ್ಷಿಣಕ್ಕೆ ಮಾರಿದರು.

ರೈಡರ್ ಆಗ ಏನೂ ಹೇಳುವುದಿಲ್ಲ. ವಿಳಾಸ ಬರೆದುಕೊಂಡು ಕಳಿಸುತ್ತಾನೆ. ಮಹಡಿಗೆ ಹೋಗಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಾನೆ. ಸಂಜೆ ಅತಿಥಿಗಳ ಮುಂದೆ ಇವಳ ಕಥೆಯನ್ನು ಬೇರೆ ಯಾರದ್ದೋ ಎಂಬಂತೆ ಹೇಳಿ, ಆ ಗಂಡಸು ಏನು ಮಾಡಬೇಕಿತ್ತು ಎಂದು ಕೇಳುತ್ತಾನೆ. ಒಪ್ಪಿಕೊಳ್ಳಬೇಕಿತ್ತು ಎಂದು ಅವರು ಹೇಳಿದ ಮೇಲೆ ಕೋಣೆಯಿಂದ ಅವಳನ್ನು ಕೈಹಿಡಿದು ಕರೆತರುತ್ತಾನೆ. ಮುಂದೆ ಅವರ ಸಂಸಾರ ಹೇಗೆ ನಡೆಯಿತು? ಚೆಸ್‌ನಟ್ ಹೇಳುವುದಿಲ್ಲ, ಹೇಳದಿದ್ದುದೇ ಸರಿ. ಕಥೆಯಲ್ಲಿ ನಡೆಯುವುದು ಒಂದು ನೋಂದಣಿ ಅಷ್ಟೆ. ಅದೂ ಎಲ್ಲರೆದುರು, ಕಾನೂನಿನ ಒತ್ತಾಯವಿಲ್ಲದೆ. ಇದಕ್ಕೆ ಆರು ವರ್ಷ ಮೊದಲು, 1892ರಲ್ಲಿ, ಫ್ರಾನ್ಸಿಸ್ ಹಾರ್ಪರ್ ಬರೆದ ‘ಅಯೋಲಾ ಲೆರಾಯ್’ ಕಾದಂಬರಿಯಲ್ಲಿ ಮಗ ತಾಯಿಯನ್ನು ಗುರುತಿಸುವುದು ಪ್ರಾರ್ಥನಾಸಭೆಯಲ್ಲಿ. ಕಾದಂಬರಿಯಾಗಿ ಅದು ತೀರಾ ಅಚ್ಚುಕಟ್ಟು, ಕಳೆದವರೆಲ್ಲ ಸಿಕ್ಕಿಬಿಡುತ್ತಾರೆ. ಆದರೆ ಪ್ರತಿ ವಾರ ಚರ್ಚಿನಲ್ಲಿ ಸಿಗದವರ ಪಟ್ಟಿ ಕೇಳುತ್ತಿದ್ದ ಓದುಗರಿಗೆ ಅದು ಹೇಗೆ ಕೇಳಿಸಿರಬೇಕು ಎಂದು ಯೋಚಿಸಿದರೆ ದೂರಲು ಮನಸ್ಸು ಬರುವುದಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಲಕ್ಷಾಂತರ ಕಪ್ಪು ಜನ ದಕ್ಷಿಣದ ಹಳ್ಳಿ ಬಿಟ್ಟು ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಸೇರಿದರು. ಕುಟುಂಬದ ಶತ್ರು ಈಗ ಹರಾಜುಕಟ್ಟೆಯಲ್ಲ, ಬಾಡಿಗೆ. ಶಿಕಾಗೋದ ದಕ್ಷಿಣ ಭಾಗದಲ್ಲಿ ದೊಡ್ಡ ಮನೆಗಳನ್ನು ಒಂದೊಂದೇ ಕೋಣೆಯಾಗಿ ಸೀಳಿ, ಮೂಲೆಯಲ್ಲೊಂದು ಒಲೆ ಇಟ್ಟು ‘ಕಿಚನೆಟ್’ ಎಂದು ಬಾಡಿಗೆಗೆ ಕೊಡುತ್ತಿದ್ದರು. ಹಲವು ಸಂಸಾರಕ್ಕೆ ಒಂದು ಬಚ್ಚಲು. ಚಾಳಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಗ್ವೆಂಡೊಲಿನ್ ಬ್ರೂಕ್ಸ್ 1945ರಲ್ಲಿ ತಂದ ‘ಎ ಸ್ಟ್ರೀಟ್ ಇನ್ ಬ್ರಾಂಝ್‌ವಿಲ್’ ಸಂಕಲನದಲ್ಲಿ ಈ ಕೋಣೆಗಳ ಹೆಂಗಸರು, ಗಂಡಸರು ಇದ್ದಾರೆ. ಹೆರದೆ ಹೋದ ಮಕ್ಕಳನ್ನು ನೆನೆಯುವ ಒಬ್ಬ ತಾಯಿಯೂ ಇದ್ದಾಳೆ, ಆ ಕಾಲಕ್ಕೆ ಅದು ಬಾಯಿಬಿಟ್ಟು ಆಡುವ ಮಾತಾಗಿರಲಿಲ್ಲ. 1950ರಲ್ಲಿ ಬ್ರೂಕ್ಸ್‌ಗೆ ಪುಲಿಟ್ಜರ್ ಬಂತು, ಕಪ್ಪು ಬರಹಗಾರರಲ್ಲಿ ಮೊದಲನೆಯದು. ಲೊರೇನ್ ಹ್ಯಾನ್ಸ್‌ಬೆರಿಯ ನಾಟಕ ‘ಎ ರೈಸಿನ್ ಇನ್ ದಿ ಸನ್’ 1959ರಲ್ಲಿ ಬ್ರಾಡ್‌ವೇ ಏರಿತು. ಮೂರು ತಲೆಮಾರು ಒಂದೇ ಇಕ್ಕಟ್ಟಿನ ಮನೆಯಲ್ಲಿ, ಮೊಮ್ಮಗನಿಗೆ ಹಜಾರದ ಸೋಫಾವೇ ಹಾಸಿಗೆ, ಸತ್ತ ಯಜಮಾನನ ವಿಮೆಯ ಹತ್ತು ಸಾವಿರ ಡಾಲರ್ ಮೇಲೆ ಎಲ್ಲರ ಕಣ್ಣು.

ಈ ಸಾಹಿತ್ಯವೆಲ್ಲ ಕಣ್ಣೆದುರು ಇರುವಾಗಲೇ 1965ರ ಮಾರ್ಚಿನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯಲ್ಲಿ ಒಂದು ವರದಿ ತಯಾರಾಯಿತು. ಬರೆದವರು ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್. ಗುಲಾಮಗಿರಿ ಕಪ್ಪು ಕುಟುಂಬವನ್ನು ಮುರಿದುಹಾಕಿತು, ತಂದೆ ಇಲ್ಲದ, ಹೆಂಗಸರೇ ನಡೆಸುವ ಮನೆಗಳು ಉಳಿದವು, ಈಗಿನ ಕಷ್ಟದ ನಡುಮಧ್ಯ ಇರುವುದು ಈ ಒಡೆದ ಮನೆಯೇ ಎಂಬುದು ಅದರ ವಾದ. ಉದ್ದೇಶ ಕೆಟ್ಟದ್ದಲ್ಲ, ಕಪ್ಪು ಗಂಡಸರಿಗೆ ಕೆಲಸ ಕೊಡಿಸಬೇಕೆಂದೇ ಅವರು ಬರೆದದ್ದು. ಸ್ವತಃ ಮೊಯ್ನಿಹನ್ ಬಾಲ್ಯದಲ್ಲಿ ತಂದೆ ಬಿಟ್ಟುಹೋದ ಮನೆಯಲ್ಲಿ ಬೆಳೆದವರು. ಆದರೆ ವರದಿ ಹೊರಬಿದ್ದಾಗ ಜನ ಅದರಿಂದ ಎತ್ತಿಕೊಂಡದ್ದು ಕೆಲಸದ ಮಾತನ್ನಲ್ಲ, ಕಪ್ಪು ಮನೆಯೇ ರೋಗಗ್ರಸ್ತ ಎಂಬ ಮಾತನ್ನು.

ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ ಇದಕ್ಕೆ ಉತ್ತರ ಕೊಡಲು ಹಳೆಯ ಕಡತಗಳಿಗೆ ಕೈಹಾಕಿದರು. ತೋಟದ ಮಾಲೀಕರು ಲೆಕ್ಕಕ್ಕಾಗಿ ಬರೆದಿಟ್ಟ ಜನನದ ಪುಸ್ತಕಗಳು, ಯುದ್ಧದ ಕೊನೆಯ ಮದುವೆ ನೋಂದಣಿಗಳು. 1976ರಲ್ಲಿ ಬಂದ ಅವರ ದೊಡ್ಡ ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರುಗಳ ವಿಷಯ. ಗುಲಾಮ ತಂದೆತಾಯಿಗಳು ಗಂಡುಮಕ್ಕಳಿಗೆ ತಂದೆಯ, ಅಜ್ಜನ ಹೆಸರನ್ನು ಇಟ್ಟದ್ದು ಮತ್ತೆ ಮತ್ತೆ ಕಾಣುತ್ತದೆ. ಮಾರಾಟದಲ್ಲಿ ಮೊದಲು ಕೈತಪ್ಪುವವನು ತಂದೆ. ಅವನ ಹೆಸರನ್ನಾದರೂ ಉಳಿಸಿಕೊಳ್ಳೋಣ ಎಂಬಂತೆ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಕುತೂಹಲದ್ದು: ಬಿಳಿಯ ತೋಟಗಾರರು ದೊಡ್ಡಪ್ಪ, ಅತ್ತೆಯ ಮಕ್ಕಳನ್ನು ಮದುವೆಯಾಗುತ್ತಿದ್ದರು, ಗುಲಾಮರು ಹತ್ತಿರದ ನೆಂಟರಲ್ಲಿ ಮದುವೆಯನ್ನು ತಪ್ಪಿಸುತ್ತಿದ್ದರು. ಸೋದರಿಕೆಯಲ್ಲಿ ಹೆಣ್ಣು ತರುವ ನಮಗೆ ಇದು ಸರಿಯೆನಿಸುತ್ತದೋ ಇಲ್ಲವೋ, ಒಡೆಯರಿಂದ ಎರವಲು ತಂದ ನಿಯಮವಂತೂ ಇದಲ್ಲ. ಯಾರು ಯಾರಿಗೆ ಏನಾಗಬೇಕು ಎಂದು ಲೆಕ್ಕ ಇಟ್ಟವರಿದ್ದರು. ಗಟ್‌ಮನ್ ಚಿತ್ರವನ್ನು ಸ್ವಲ್ಪ ಹೊಳಪಾಗಿ ಬರೆದರು, ಮಾರಾಟದ ಪೆಟ್ಟು ಇನ್ನೂ ಆಳವಾಗಿತ್ತು ಎಂದು ಆಮೇಲಿನ ಇತಿಹಾಸಕಾರರು ತಿದ್ದಿದ್ದಾರೆ. ಡಗ್ಲಸ್‌ನ ಇಕ್ಕಟ್ಟೇ ಇಲ್ಲಿ ಅಂಕಿಅಂಶದ ರೂಪದಲ್ಲಿ ಬಂದಿದೆ.

ಇಂಥ ಹೊತ್ತಿನಲ್ಲಿ ಮನೆಯೊಳಗಿನ ಕೇಡನ್ನು ಬರೆಯುವುದು ಎಂಥ ಅಪಾಯ ಎಂದು ನೋಡಿ. ಟೋನಿ ಮಾರಿಸನ್ 1970ರಲ್ಲಿ ‘ದಿ ಬ್ಲೂಯೆಸ್ಟ್ ಐ’ಯಲ್ಲಿ ಮಗಳನ್ನೇ ಕೆಡಿಸುವ ತಂದೆಯನ್ನು ತಂದರು. ಆಲಿಸ್ ವಾಕರ್ 1982ರಲ್ಲಿ ‘ದಿ ಕಲರ್ ಪರ್ಪಲ್’ನಲ್ಲಿ ಹೆಂಡತಿಯನ್ನು ಹೊಡೆಯುವ, ಅವಳ ತಂಗಿಯ ಕಾಗದಗಳನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಚ್ಚಿಡುವ ಗಂಡನನ್ನು ತಂದರು. ಕಪ್ಪು ಗಂಡಸರನ್ನು ಬಿಳಿಯರ ಮುಂದೆ ಬಯಲಿಗೆಳೆದಳೆಂದು ವಾಕರ್ ಮೇಲೆ ಸ್ವಂತ ಜನರೇ ಮುನಿದರು. ಆ ಸಿಟ್ಟು ಅರ್ಥವಾಗದ್ದಲ್ಲ. ಆದರೆ ಸುಮ್ಮನಿದ್ದರೆ ಆ ಮನೆಗಳ ಹೆಣ್ಣುಮಕ್ಕಳು ಮತ್ತೊಮ್ಮೆ ಕಡತದಿಂದ ಬಿಟ್ಟುಹೋಗುತ್ತಿದ್ದರು. ನಾನು ವಾಕರ್ ಪರ. ಮೃದುವಾಗಿಯೂ ಇದನ್ನು ಹೇಳಬಹುದೆಂದು ರಾಬರ್ಟ್ ಹೇಡನ್ ತೋರಿಸಿದ್ದರು. 1962ರ ‘ದೋಸ್ ವಿಂಟರ್ ಸಂಡೇಸ್’ ಕವಿತೆಯಲ್ಲಿ ಭಾನುವಾರವೂ ಚಳಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಕೆಲಸದಿಂದ ಬಿರಿದ ಕೈಯಲ್ಲಿ ಬೆಂಕಿ ಹೊತ್ತಿಸಿ, ಮಗನ ಬೂಟಿಗೆ ಪಾಲಿಶ್ ಹಾಕಿಡುವ ತಂದೆ ಇದ್ದಾನೆ. ಅದೇ ಮನೆಯಲ್ಲಿ ಸಿಟ್ಟೂ ಭಯವೂ ಇವೆ. ಹೇಡನ್‌ರನ್ನು ಬೆಳೆಸಿದ್ದು ಪಕ್ಕದ ಮನೆಯ ದಂಪತಿ. ಕಾನೂನಿನ ಪ್ರಕಾರ ತನ್ನನ್ನು ಯಾರೂ ದತ್ತು ತೆಗೆದುಕೊಂಡಿರಲೇ ಇಲ್ಲ ಎಂಬುದು ಅವರಿಗೆ ತಿಳಿದದ್ದು ದೊಡ್ಡವರಾದ ಮೇಲೆ. ಮತ್ತೆ ಕಾಗದದಲ್ಲಿಲ್ಲದ ತಂದೆ.

ಮಾರಿಸನ್ ರ್‍ಯಾಂಡಮ್ ಹೌಸ್ ಪ್ರಕಾಶನದಲ್ಲಿ ಸಂಪಾದಕಿಯಾಗಿದ್ದಾಗ, 1974ರಲ್ಲಿ, ಹಳೆಯ ಪತ್ರಿಕೆಯ ತುಣುಕು, ಚಿತ್ರ, ಪತ್ರಗಳನ್ನು ಒಟ್ಟುಹಾಕಿದ ‘ದಿ ಬ್ಲ್ಯಾಕ್ ಬುಕ್’ ಹೊರತಂದರು. ಅದರಲ್ಲಿ ಮಾರ್ಗರೆಟ್ ಗಾರ್ನರ್ ಬಗ್ಗೆ ಒಂದು ವರದಿ ಇತ್ತು. 1856ರ ಜನವರಿಯಲ್ಲಿ ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ ಸಿನ್ಸಿನಾಟಿಗೆ ತಪ್ಪಿಸಿಕೊಂಡು ಬಂದ ಆಕೆ, ಹಿಡಿಯುವವರು ಬಾಗಿಲು ಮುರಿಯುವಾಗ ಎರಡು ವರ್ಷದ ಮಗಳನ್ನು ಕೊಂದಳು. ಆಕೆಯನ್ನು ಕೊಲೆಗೆ ವಿಚಾರಿಸಬೇಕೋ, ಸ್ವತ್ತೆಂದು ಒಡೆಯನಿಗೆ ಒಪ್ಪಿಸಬೇಕೋ ಎಂದು ಕಚೇರಿಯಲ್ಲಿ ವಾದ ನಡೆಯಿತು. ಒಪ್ಪಿಸಿದರು. ಕೊಲೆ ಎಂದರೆ ಅವಳು ತಾಯಿ, ಮಗು ಮನುಷ್ಯ ಎಂದು ಒಪ್ಪಿದಂತಾಗುತ್ತಿತ್ತು. 1987ರ ‘ಬಿಲವೆಡ್’ ಹುಟ್ಟಿದ್ದು ಈ ತುಣುಕಿನಿಂದ. ಅದರಲ್ಲಿ ಬೇಬಿ ಸಗ್ಸ್ ಎಂಬ ಅಜ್ಜಿ ಇದ್ದಾಳೆ, ಎಂಟು ಹೆತ್ತವಳು, ಎಲ್ಲ ಕೈಬಿಟ್ಟುಹೋದವು. ಮೊದಲ ಮಗುವಿನ ಬಗ್ಗೆ ಅವಳಿಗೆ ಉಳಿದ ನೆನಪು ಒಂದೇ: ರೊಟ್ಟಿಯ ತಳದ ಸೀದ ಭಾಗವೆಂದರೆ ಅದಕ್ಕೆ ಬಹಳ ಇಷ್ಟ.

ಅದೇ ಮಾರಿಸನ್ ಸಂಪಾದಿಸಿದ ಇನ್ನೊಂದು ಪುಸ್ತಕ ಕವಿ ಲೂಸಿಲ್ ಕ್ಲಿಫ್ಟನ್ ಅವರ ‘ಜನರೇಷನ್ಸ್’, 1976ರದ್ದು. ತೆಳ್ಳಗಿನ ಕುಟುಂಬದ ನೆನಪು. ಅವರ ಪೂರ್ವಜೆ ಕ್ಯಾರೊಲೈನ್ ಆಫ್ರಿಕದ ದಹೋಮಿಯಲ್ಲಿ ಹುಟ್ಟಿ, ಗುಲಾಮಳಾಗಿ ಬಂದು, ಎಂಟು ವರ್ಷದ ಹುಡುಗಿಯಾಗಿದ್ದಾಗ ನ್ಯೂ ಆರ್ಲಿಯನ್ಸ್‌ನಿಂದ ವರ್ಜೀನಿಯಾದವರೆಗೆ ನಡೆದವಳು. ಅವಳ ಮಗಳು ಲೂಸಿ ತನ್ನ ಮಗುವಿನ ತಂದೆಯಾದ ಬಿಳಿಯನನ್ನು ಗುಂಡಿಟ್ಟು ಕೊಂದು ನೇಣಿಗೇರಿದವಳು. ಕವಿಯ ಹೆಸರಿನಲ್ಲಿ ಇರುವುದು ಆ ಲೂಸಿ. ಇದನ್ನೆಲ್ಲ ತಂದೆ ಬಾಯಲ್ಲಿ ಹೇಳಿದ್ದು.

ಪುಸ್ತಕ ಶುರುವಾಗುವುದು ಒಂದು ಫೋನ್ ಕರೆಯಿಂದ. ತನ್ನ ಮನೆತನದ ಸುಳಿವಿಗಾಗಿ ಕ್ಲಿಫ್ಟನ್ ವರ್ಜೀನಿಯಾದ ಬೆಡ್‌ಫರ್ಡ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದಾರೆ. ಅದನ್ನು ನೋಡಿ ಒಬ್ಬ ಬಿಳಿಯ ಹೆಂಗಸು ಕರೆ ಮಾಡುತ್ತಾಳೆ. ಅವಳೂ ಅದೇ ಮನೆತನದವಳು, ವಂಶದ ಇತಿಹಾಸ ಬರೆದು ಅಚ್ಚು ಹಾಕಿಸಿದ್ದಾಳೆ, ಬೇಕಾದರೆ ಕಳಿಸುತ್ತಾಳಂತೆ. ನಿಮ್ಮ ತಂದೆಯ ಹೆಸರೇನು ಎಂದು ಕೇಳುತ್ತಾಳೆ. ಸ್ಯಾಮ್ಯುಯೆಲ್. ಆ ಹೆಸರು ನೆನಪಿಲ್ಲವಲ್ಲ ಎನ್ನುತ್ತಾಳೆ. ಕ್ಲಿಫ್ಟನ್ ಒಂದೊಂದಾಗಿ ಹೇಳುತ್ತಾರೆ: ಕ್ಯಾರೊಲೈನ್, ಲೂಸಿ, ಸ್ಯಾಮ್ಯುಯೆಲ್, ಇವು ಗುಲಾಮರ ಹೆಸರುಗಳು. ಆ ಕಡೆಯಿಂದ ಒಂದು ಉದ್ಗಾರ, ಆಮೇಲೆ ಮೌನ. ಪುಸ್ತಕದ ಐದು ಭಾಗಗಳಿಗೂ ಕ್ಲಿಫ್ಟನ್ ತನ್ನ ಮನೆಯವರ ಹೆಸರನ್ನೇ ಇಟ್ಟಿದ್ದಾರೆ.